ಕರಿದೊರಿ ಸತ್ತ ಮರುದಿನ ಏನ್ ಬರೀಬೇಕು: ಫ್ಯಾಂಟಸಿ ಕಥಿ ಬರಿಯೋರಿಗೆ

ಫ್ಯಾಂಟಸಿ ಬರಿಯೋ ಹುಡುಗ್ರು ಹುಡುಗ್ಯಾರು ನಮ್ಮ ಕಡಿ ಈಗ ಬಾಳ ಆಗ್ಯಾರ, ಬೆಳಗಾವಿ, ಜಮಖಂಡಿ, ಇಂಡಿ, ಎಲ್ಲೆಲ್ಲಿಂದೋ ಡ್ರಾಫ್ಟ್ ಕಳಸ್ತಾರ, ಓದ್ತೀನಿ. ಮ್ಯಾಪ್ ಚೊಲೋ ಇರತಾವ, ಮ್ಯಾಜಿಕ್ ಸಿಸ್ಟಮ್ ಚೊಲೋ ಇರತೈತಿ, ಕ್ಲೈಮ್ಯಾಕ್ಸ್ ಅಂತೂ ಕೇಳಬ್ಯಾಡ್ರಿ. ಆಮೇಲೆ ಕರಿದೊರಿ, ಅಂದ್ರ ಕಥಿಯ ದೊಡ್ಡ ವಿಲನ್, ಡಾರ್ಕ್ ಲಾರ್ಡ್, ಸಾಯ್ತಾನ, ಮೋಡ ಸರೀತಾವ, ಬಿಸಲ ಬೀಳ್ತೈತಿ, ಪಟ್ಟಾಭಿಷೇಕ, ಮುಗೀತು. ನಾನೂರು ಪುಟ ಯುದ್ಧಕ್ಕ, ಎರಡು ಪುಟ ಯುದ್ಧ ಆದ ಮ್ಯಾಲಿನ ಜಗತ್ತಿಗೆ.

ಆ ಎರಡು ಪುಟ ಹೆಂಗ ಬೆಳಸಬೇಕು ಅನ್ನೋದನ್ನ ಇಲ್ಲಿ ಹೇಳ್ತೀನಿ. ಯುದ್ಧದ ನಂತರದ್ದು ಬರೀರಿ ಅಂದ್ರ ಹೆಚ್ಚಿನವರು ತಕ್ಷಣ ದುಃಖಕ್ಕ ಕೈ ಹಾಕ್ತಾರ, ಅಳೋ ತಾಯಿ, ಸುಟ್ಟ ಊರು, ಹೀರೋ ಒಬ್ಬನ ಗುಡ್ಡದ ಮ್ಯಾಲೆ ಕುಂತು ಸೂರ್ಯ ಮುಳಗೋದು ನೋಡೋದು. ಬ್ಯಾಡ ಅನ್ನಂಗಿಲ್ಲ, ಆದ್ರ ಅದು ತಾನಾಗೇ ಬರತೈತಿ, ನೀವು ಮೊದಲ ಲೆಕ್ಕ ಹಿಡೀರಿ. ಹೊಲ ಯಾರದು, ನೀರು ಯಾರು ಬಿಡ್ತಾರ, ಸಾಲ ಯಾರು ತೀರಸ್ತಾರ, ಸೋತ ಸೈನಿಕ ಎಲ್ಲಿ ಮಲಗ್ತಾನ. ಇಷ್ಟು ಗೊತ್ತಾದ್ರ ಅಳೋದು ಯಾರು ಅಂತ ನಿಮಗ ಗೊತ್ತಾಗ್ತೈತಿ.

ಮೊದಲ ಕರಿದೊರಿ ದಿನಾ ಏನ್ ಮಾಡ್ತಿದ್ದ ಬರಕೋರಿ

ಒಂದು ಹಾಳಿ ತಗೋರಿ. ಕರಿದೊರಿ ಆಳ್ವಿಕಿ ಒಳಗ ದಿನಾ ಏನೇನ್ ನಡೀತಿತ್ತು ಬರೀರಿ, ಅವನ ಕ್ರೌರ್ಯ ಅಲ್ಲ, ಅದನ್ನ ನಾನೂರು ಪುಟ ಬರದೀರಿ ಈಗಾಗ್ಲೇ, ದಿನದ ಕೆಲಸ. ಕೆರಿ ತೂಬು ಯಾರು ತಗೀತಿದ್ರು, ಸಂತಿ ಕರ ಯಾರು ವಸೂಲಿ ಮಾಡ್ತಿದ್ರು, ಹಗೇವಿನ, ಅಂದ್ರ ಕಾಳು ತುಂಬಿಡೋ ನೆಲದ ಕುಣಿಯ, ಜ್ವಾಳದ ಕೀಲಿ ಯಾರ ಕೈಯಾಗಿತ್ತು, ಟಪಾಲು ಯಾರು ಒಯ್ತಿದ್ರು, ರಾತ್ರಿ ಅಗಸಿ ಬಾಗಿಲಾ ಯಾರು ಹಾಕ್ತಿದ್ರು. ದುಷ್ಟ ಆದ್ರೂ ದೊರಿ ದೊರೀನ, ಮೂವತ್ತು ವರ್ಷ ಆಳಿದ ಅಂದ್ರ ಮೂವತ್ತು ವರ್ಷ ಬರೇ ಕುಂತು ಗಹಗಹಿಸಿ ನಗಾಕ ಆಗೂದಿಲ್ಲ, ಅವನ ಹತ್ರಾನೂ ಒಬ್ಬ ಕುಲಕರ್ಣಿ ಇರತಾನ, ದಫ್ತರ ಇರತೈತಿ, ತಿಂಗಳಿಗೊಮ್ಮೆ ಪಗಾರ ಕೊಡೋ ದಿನ ಇರತೈತಿ.

ಈಗ ಪ್ರತಿ ಕೆಲಸದ ಮುಂದ ಬರೀರಿ, ಮರುದಿನ ಮುಂಜಾನಿ ಇದನ್ನ ಯಾರು ಮಾಡ್ತಾರ. ಯಾರೂ ಇಲ್ಲ ಅಂತ ಉತ್ತರ ಬಂದ ಕಡಿ ಒಂದು ಗೆರಿ ಎಳೀರಿ. ನಿಮ್ಮ ಕಥಿ ಅಲ್ಲೇ ಐತಿ.

ವಿಜಯಪುರ ನೋಡ್ರಿ. ಆದಿಲಶಾಹಿ ಕಾಲದಾಗ ತೊರವಿ ಕಡಿಂದ ಭೂಮಿ ಒಳಗ ಸುರಂಗ ಕಾಲಿವಿ ತೋಡಿ ಊರಿಗೆ ನೀರು ತಂದಿದ್ರು, ಮಹಮ್ಮದ ಆದಿಲಶಾಹ 1651ರಾಗ ಬೇಗಂ ತಲಾಬ ಕಟ್ಟಸಿದ, ನಡು ನಡು ನೀರಿನ ಒತ್ತಡ ತಡಿಯಾಕ ಗೋಪುರ, ಮಣ್ಣಿನ ಪೈಪು, ಅರಮನಿಗೂ ನೀರು ಬಾವಡಿಗೂ ನೀರು. 1686ರಾಗ ಔರಂಗಜೇಬ ಊರು ತಗೊಂಡ. ಗೋಳಗುಮ್ಮಟ ಬಿದ್ದಿಲ್ಲ, ಇವತ್ತಿಗೂ ಟಿಕೆಟ್ ತಗೊಂಡು ಒಳಗ ಹೋಗಿ ಕೂಗಿ ಬರ್ತೀವಿ. ಆದ್ರ ದರಬಾರು ಹೋತು, ದರಬಾರಿನ ಮ್ಯಾಲೆ ಬದಕಿದ್ದ ನೇಕಾರ, ಚಿತ್ರಗಾರ, ಕಾರಕೂನ, ಅತ್ತರಿನವ, ಕುದರಿ ಲಾಳ ಬಡಿಯೋನು ಎಲ್ಲಾರ ಅನ್ನ ಹೋತು, ಒಂದೆರಡು ವರ್ಷದಾಗ ಪ್ಲೇಗ್ ಬ್ಯಾರೆ ಬಂತು, ಗೆದ್ದ ಔರಂಗಜೇಬನ ಹೆಂಡತಿ ಔರಂಗಾಬಾದಿ ಮಹಲ್ ಅದ ಪ್ಲೇಗಿಗೆ ಇಲ್ಲೇ ತೀರಕೊಂಡ್ಲು. ಒಂದು ರಾಜಧಾನಿ ಸಾಯಬೇಕಾದ್ರ ಗ್ವಾಡಿ ಬೀಳಬೇಕಂತಿಲ್ಲ, ತೂಬಿನ ಹೂಳು ತಗಿಯೋನಿಗೆ ಪಗಾರ ನಿಂತ್ರ ಸಾಕು. ನಿಮ್ಮ ಕರಿದೊರಿ ಕ್ವಾಟಿ ಧಡಾರ್ ಅಂತ ಕುಸಿಯೋ ಸೀನ್ ಬರಿಯೋಕಿಂತ, ಕ್ವಾಟಿ ಹಂಗ ನಿಂತು ಅದರ ಕೆಳಗಿನ ಪ್ಯಾಟಿ ವರ್ಷಾ ವರ್ಷಾ ಖಾಲಿ ಆಗೋದನ್ನ ಬರದು ನೋಡ್ರಿ.

ಹಗೇವಿನ ಮಾತು ಬಂತು ಅಂತ ಇದನ್ನೂ ಹೇಳ್ತೀನಿ, ಗೆದ್ದ ಸೈನ್ಯ ಹಸದಿರತೈತಿ, ಕರಿದೊರಿ ಹಗೇವು ಸಿಗತೈತಿ, ಎಲ್ಲಾರೂ ಓಡಿ ಹೋಗಿ ಕಲ್ಲು ಸರಸ್ತಾರ. ಬಾಳ ದಿನ ಮುಚ್ಚಿದ್ದ ಹಗೇವಿನಾಗ ತಗದ ಕೂಡ್ಲೆ ಇಳದ್ರ ಉಸರು ಕಟ್ಟಿ ಸಾಯ್ತಾರ, ನಮ್ಮ ಹಿರ್ಯಾರು ಮೊದಲ ಗಾಳಿ ಆಡಾಕ ಬಿಟ್ಟು, ದೀಪಾ ಇಳಿಸಿ ನೋಡಿ, ದೀಪಾ ಆರಲಿಲ್ಲ ಅಂದ್ರ ಮನಷ್ಯಾನ ಇಳಸ್ತಿದ್ರು. ಯುದ್ಧದಾಗ ಉಳದು ಬಂದ ಹುಡುಗ ಜ್ವಾಳ ತರಾಕ ಇಳದು ಸಾಯೋದು, ಅಲ್ಲಿ ಶಾಪ ಇಲ್ಲ ಮಾಟ ಇಲ್ಲ, ಬರೇ ಕೆಟ್ಟ ಗಾಳಿ. ಆದ್ರ ಊರ ಮಂದಿ ಮಾತ್ರ ಕರಿದೊರಿ ಶಾಪ ಅಂತಾರ. ಈ ಒಂದು ಸೀನಿನಾಗ ನಿಮಗ ಹಸಿವು, ಅಜ್ಞಾನ, ಹೊಸಾ ದೊರಿ ಮ್ಯಾಲಿನ ಅನುಮಾನ ಮೂರೂ ಸಿಗತಾವ.

ಸೋತವರನ್ನ ಮಾಯಾ ಮಾಡಬ್ಯಾಡ್ರಿ

ಕರಿದೊರಿ ಸತ್ತ ಕೂಡ್ಲೆ ಅವನ ಲಕ್ಷ ಸೈನ್ಯ ಹೊಗಿ ಆಗಿ ಹಾರಿ ಹೋಗೋದು, ಇದು ಬರಿಯೋರ ಮೈಗಳ್ಳತನ, ಸಿಟ್ಟಾಗಬ್ಯಾಡ್ರಿ. ಆ ಸೈನ್ಯದಾಗ ಪಗಾರಕ್ಕ ಬಂದವರು ಇರತಾರ, ಮನೀಗೊಬ್ಬರಂತ ಎಳಕೊಂಡು ಬಂದವರು ಇರತಾರ, ಖರೇನ ನಂಬಿ ಬಂದವರೂ ಇರತಾರ, ಮೂರೂ ಮಂದಿ ಮನಿಗೆ ಹೋಗೋ ದಾರಿ ಬ್ಯಾರೆ ಬ್ಯಾರೆ. ಎಳಕೊಂಡು ಬಂದವ ಊರಿಗೆ ಹೋದ್ರ ಊರಾಗ ಅವನ ಹೊಲ ಯಾರೋ ಬಿತ್ತಿರತಾರ. ಪಗಾರದವ ಹೊಸಾ ದೊರಿ ಹತ್ರ ಬಂದು ಬಾಕಿ ಕೇಳ್ತಾನ, ನಗಬ್ಯಾಡ್ರಿ, ಕೇಳ್ತಾನ, ಕೊಡಲಿಲ್ಲಂದ್ರ ದಾರಿಗಳ್ಳ ಆಗ್ತಾನ. ನಂಬಿದವ ಸುಮ್ಮನ ಇರತಾನ. ಅವನ್ನ ನೀವು ಮೂರು ಚಾಪ್ಟರ್ ಆದ ಮ್ಯಾಲೆ ಗುಡಿ ಕಟ್ಟೋ ಕೂಲಿ ಕೆಲಸದಾಗ ತೋರಸ್ರಿ.

ಇದಕ್ಕ ಬೆಳಗಾವಿ ಜಿಲ್ಲಾದಾಗಿನ ಕಿತ್ತೂರ ಕಥಿಕಿಂತ ದೊಡ್ಡ ಪಾಠ ನನಗ ಕಂಡಿಲ್ಲ, ಬರೇ ಇಲ್ಲಿ ಗೆದ್ದವರು ಬ್ಯಾರೆ. 1824ರ ಅಕ್ಟೋಬರದಾಗ ಕಿತ್ತೂರ ಸೈನ್ಯ ಕಂಪನಿ ಕಲೆಕ್ಟರ್ ಥ್ಯಾಕರೆಯನ್ನ ಕೊಂದು ಕಂಪನಿಯನ್ನ ಸೋಲಿಸ್ತು, ಡಿಸೆಂಬರದಾಗ ಕಂಪನಿ ದೊಡ್ಡ ಸೈನ್ಯ ತಂದು ಕ್ವಾಟಿ ತಗೊಂತು, ಚೆನ್ನಮ್ಮನ್ನ ಬೈಲಹೊಂಗಲದಾಗ ಸೆರಿ ಇಟ್ರು. ಕಂಪನಿ ಕಾಗದದಾಗ ವಿಷಯ ಮುಗೀತು. ಆದ್ರ ಆಮೇಲೆ ಅವರು ಏನ್ ಮಾಡಿದ್ರು, ಶೇತಸನದಿಗಳ, ಅಂದ್ರ ಸೈನಿಕ ಚಾಕರಿಗೆ ಬದ್ಲಿ ಹೊಲ ಪಡದವರ, ಇನಾಮು ಹೊಲಕ್ಕ ಕೈ ಹಾಕಿದ್ರು, ಒಂದಿಷ್ಟು ಕಸಗೊಂಡ್ರು, ಉಳದಿದ್ದಕ್ಕ ಭಾರಿ ಕರ ಹೇರಿದ್ರು. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. ಚೆನ್ನಮ್ಮ 1829ರ ಫೆಬ್ರವರಿದಾಗ ಸೆರಿಯೊಳಗ ತೀರಕೊಂಡ್ಲು, ರಾಯಣ್ಣ ಹುಡುಗ್ರನ್ನ ಕೂಡಿಸಿಕೊಂಡು ಕಚೇರಿ ಸುಟ್ಟ, ಖಜಾನಿ ಲೂಟಿ ಮಾಡಿದ, ಕಡೀಗೆ ನಮ್ಮವರ ಹಿಡದು ಕೊಟ್ರು, 1831ರ ಜನವರಿ 26ಕ್ಕ ನಂದಗಡದಾಗ ಗಲ್ಲು. ಕ್ವಾಟಿ ಬಿದ್ದು ಆರು ವರ್ಷ ಆಗಿತ್ತು ಅವತ್ತಿಗೆ. ರಾಯಣ್ಣ ಸುಟ್ಟದ್ದು ಕಚೇರಿ ಅನ್ನೋದನ್ನ ನೆನಪಿಡ್ರಿ, ಹೊಲದ ಕಾಗದ ಇರೋ ಜಾಗಾ ಅದು. ನಿಮ್ಮ ಕಥಿಯೊಳಗ ಒಳ್ಳೆಯವರ ಗೆದ್ದಿರಬಹುದು, ಆದ್ರ ಅವರೂ ಗೆದ್ದ ಮರುವರ್ಷ ಸರ್ವೆ ಮಾಡಸ್ತಾರಲ್ಲ, ಆ ಸರ್ವೆದಾಗ ಯಾರ ಹೊಲ ಯಾರ ಹೆಸರಿಗೆ ಹೋತು ಅಂತ ಬರೀರಿ, ಮುಂದಿನ ದಂಗೆಕೋರ ಅಲ್ಲಿಂದ ಎದ್ದು ಬರತಾನ. ಅವ ದುಷ್ಟ ಆಗಿರಬೇಕಂತಿಲ್ಲ. ಓದೋರಿಗೆ ಅವನ ಕಡಿ ಮನಸ್ಸು ವಾಲಬೇಕು, ವಾಲಲಿಲ್ಲಂದ್ರ ನೀವು ಬರದದ್ದು ಕಡಿಮಿ ಬಿದ್ದೈತಿ.

ಆಯುಧದ್ದೂ ಹಂಗ. ಯುದ್ಧ ಮುಗೀತು, ಎಲ್ಲಾರೂ ಕತ್ತಿ ಒಪ್ಪಸ್ರಿ ಅಂತ ಡಂಗುರ ಸಾರಸ್ತಾರ, ಓದಾಕ ಶಾಂತಿ ಅನಸ್ತೈತಿ. 1857ರಾಗ ಕಂಪನಿ ಸರಕಾರ ಪರವಾನಿಗಿ ಇಲ್ಲದ ಆಯುಧ ಇಟಗೋಬಾರದು ಅಂದಾಗ ಮುಧೋಳ ಕಡಿ ಹಲಗಲಿ ಬ್ಯಾಡರು ಒಪ್ಪಲಿಲ್ಲ. ಬ್ಯಾಟಿ ಆಡೋರಿಗೆ ಬರ್ಚಿ ಬಂದೂಕು ಅಂದ್ರ ಊಟಾನೂ ಹೌದು ಮಾನಾನೂ ಹೌದು, ಊರಿಗೆ ಬೆಂಕಿ ಬಿತ್ತು, ಗಲ್ಲು ಆದ್ವು. ಹಂಗಾಗಿ ನಿಮ್ಮ ಕಥಿಯೊಳಗ ಕತ್ತಿ ಕೂಡಸೋ ಸೀನ್ ಇದ್ರ, ಕೊಡಾಕ ಒಲ್ಲೆ ಅನ್ನೋ ಒಬ್ಬನ್ನ ಕ್ಯೂದಾಗ ನಿಂದರಸ್ರಿ, ಮತ್ತ ಅವನ ಕಾರಣ ಚೊಲೋ ಇರಲಿ.

ಕರಿದೊರಿ ದೊಡ್ಡ ಆಯುಧ ಏನಾತು

ಜ್ವಾಲಾಮುಖಿಗೆ ಒಗದ್ರು, ಸಮುದ್ರಕ್ಕ ಹಾಕಿದ್ರು, ಪುಡಿ ಮಾಡಿದ್ರು, ಎಲ್ಲಾ ಆಗ್ಯಾವ. ನಾ ಹೇಳೋದು, ಇಟಗೋರಿ, ಯಾರಿಗೂ ಬ್ಯಾಡಾದ ಒಂದು ಜಾಗಾದಾಗ ಇಡ್ರಿ. ವಿಜಯಪುರದ ಮಲಿಕ್-ಎ-ಮೈದಾನ ತೋಪು 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, ಸುಮಾರು 55 ಟನ್, ಬಾಯಿ ಸಿಂಹದ್ದು, ಆ ಬಾಯಾಗ ಆನಿ ಸಿಕ್ಕು ನುಗ್ಗಾಗ್ಯಾವ. 1632ರಾಗ ಪರಾಂಡಾದಿಂದ ವಿಜಯಪುರಕ್ಕ ತಂದ್ರು, 1686ರಾಗ ಊರು ಗೆದ್ದ ಔರಂಗಜೇಬ ಅದರ ಮ್ಯಾಲೆ ತನ್ನ ಶಾಸನ ಕೆತ್ತಿಸಿದ. ಇಷ್ಟೆಲ್ಲಾ ಆಗಿ 1854ರಾಗ ಇಂಗ್ಲಿಷರು ಅದನ್ನ ಹರಾಜಿಗೆ ಇಟ್ರ ಹೆಚ್ಚಂದ್ರ ಬಂದ ಬೇಡಿಕಿ 150 ರೂಪಾಯಿ, ಕಡೀಗೆ ಹರಾಜು ರದ್ದು ಮಾಡಿದ್ರು. ಈಗ ಶೆರ್ಜಾ ಬುರುಜಿನ ಮ್ಯಾಲೆ ಕುಂತೈತಿ, ಹುಡುಗ್ರು ಸೆಲ್ಫಿ ತಗೋತಾರ. ಮಾಲಕರು ಬದಲಾಗ್ಕೋತ ಹೋದ್ರು, ತೋಪು ಅದ.

ನಿಮ್ಮ ಶಾಪದ ಕತ್ತಿಗೆ, ಮಾಯದ ಮಣಿಗೆ ಇಂಥ ಒಂದು ಪಟ್ಟಿ ಮಾಡ್ರಿ. ಕರಿದೊರಿ ಮುಂಚೆ ಯಾರ ಹತ್ರ ಇತ್ತು, ಆಮೇಲೆ ಯಾರು ತಮ್ಮ ಹೆಸರು ಕೆತ್ತಿಸಿದ್ರು, ಯಾವ ಗುಜರಿಯವ ಎಷ್ಟಕ್ಕ ಕೇಳಿದ. ಗುಜರಿಯವನ ಬಾಯಾಗ ಒಂದು ಡೈಲಾಗ್ ಕೊಟ್ರ ಮುಗೀತು, ಮಂದಿಗೆ ಹೆದರಿಕಿ ಹೋಗಿ ತೂಕ ಅಷ್ಟ ಉಳದೈತಿ ಅನ್ನೋದು ತಾನ ತಿಳೀತೈತಿ.

ಭೂಮಿ, ಮತ್ತ ಪಂಚನಾಮಿ

ಮ್ಯಾಜಿಕ್ ಯುದ್ಧ ಆದ ಮ್ಯಾಲೆ ಭೂಮಿ ಕೆಟ್ಟಿರತೈತಿ ಅಂತ ಎಲ್ಲಾರೂ ಬರೀತಾರ, ಆದ್ರ ಹೆಂಗ ಕೆಟ್ಟೈತಿ ಅಂತ ರೂಲ್ ಇರೂದಿಲ್ಲ, ಒಂದು ಚಾಪ್ಟರಿನಾಗ ಹುಲ್ಲು ಹುಟ್ಟೂದಿಲ್ಲ ಮುಂದಿನದ್ರಾಗ ಅದ ಜಾಗಾದಾಗ ಹಬ್ಬ ಮಾಡ್ತಾರ. ಕೂತು ನಿಕ್ಕಿ ಮಾಡ್ರಿ: ವಿಷ ಮಣ್ಣಿನಾಗ ಐತೋ ನೀರಿನಾಗ ಐತೋ, ಎಷ್ಟು ಆಳ, ಮಳಿ ಬಂದ್ರ ಹರೀತೈತೋ ಇಳೀತೈತೋ, ದನಾ ಮೇದ್ರ ಹಾಲಿಗೆ ಬರತೈತೋ ಇಲ್ಲೋ. ಎರಿ ಹೊಲ ಇದ್ದವರಿಗೆ ಇದು ಹೇಳಿಕೊಡೋದು ಬ್ಯಾಡ, ಕರಿ ಮಣ್ಣು ನೀರು ಬಿಟಗೊಡೂದಿಲ್ಲ, ಬ್ಯಾಸಗಿದಾಗ ಬಿರಕ ಬಿಟ್ಟು ಮ್ಯಾಲಿನದೆಲ್ಲಾ ಒಳಗ ನುಂಗತೈತಿ. ಕರಿದೊರಿ ಮಾಟ ಕೆಂಪ ಮಸಾರಿ ಹೊಲದಾಗ ಎರಡ ಮಳಿಗಾಲಕ್ಕ ತೊಳಕೊಂಡು ಹೋಗಿ ಎರಿ ಹೊಲದಾಗ ಮೂರು ತಲಿಮಾರು ಕುಂದ್ರತೈತಿ ಅಂತ ಇಟಗೊಂಡ್ರ, ನಿನ್ನಿತನಾ ಎರಿ ಹೊಲದ ಶ್ರೀಮಂತ ಇದ್ದವ ಇವತ್ತು ಮಸಾರಿಯವನ ಮನಿ ಮುಂದ ಕಾಳಿಗೆ ನಿಂತಿರತಾನ. ಯುದ್ಧಕ್ಕಿಂತ ದೊಡ್ಡ ಅದಲಾಬದಲಿ ಇದು, ಒಂದು ಬಾಣಾನೂ ಬಿಡದಂಗ.

ಖರೇ ಜಗತ್ತಿನಾಗ ಇದಕ್ಕ ಸರಿಯಾದ ಉದಾಹರಣಿ ಬೇಕಂದ್ರ ಈಶಾನ್ಯ ಫ್ರಾನ್ಸಿನ ಕೆಂಪು ವಲಯದ ಬಗ್ಗೆ ಓದ್ರಿ. ಮೊದಲನೇ ಮಹಾಯುದ್ಧ 1918ಕ್ಕ ಮುಗೀತು, ಶೆಲ್ಲು, ವಿಷಾನಿಲ, ಹೆಣ ತುಂಬಿದ ಭೂಮಿನ್ನ ಸರಕಾರ ಬೇಲಿ ಹಾಕಿ ಬಿಟ್ಟಬಿಡ್ತು, ಇವತ್ತಿಗೂ ಸುತ್ತಲಿನ ಹೊಲದಾಗ ನೇಗಿಲಿಗೆ ಶೆಲ್ ಸಿಗತಾವ. ವರ್ದೂನ್ ಹತ್ರ ಹಾಳಾದ ಕೆಲವು ಹಳ್ಳ್ಯಾಗ ಒಬ್ಬ ನರಪಿಳ್ಳಿ ಇಲ್ಲ, ಆದ್ರೂ ಆ ಊರಿಗೆ ಮೇಯರ್ ಅಂತ ನೇಮಕ ಮಾಡ್ತಾರ. ಮಂದಿ ಇಲ್ಲದ ಊರಿಗೆ ಗೌಡ! ಫ್ಯಾಂಟಸಿ ಬರಿಯೋರಿಗೆ ಇದು ಫ್ರೀ ಸಿಕ್ಕಂಗ.

ಹತ್ತಿರದ್ದು ಬೇಕಂದ್ರ 2019ರ ಆಗಸ್ಟ್ ಐತಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ಏರಿ ಬಂದದ್ದು ಬೆಳಗಾವಿ ಬಾಗಲಕೋಟಿ ಮಂದಿ ಮರತಿಲ್ಲ. ನೀರು ಬಂದದ್ದು ಕೆಲವು ದಿನ, ಆಮೇಲಿನದು ವರ್ಷಗಟ್ಟಲೆ. ರಾಡಿ, ಹಾವು, ತೊಯ್ದ ಜ್ವಾಳದ ನಾತ, ಆಮೇಲೆ ಸರ್ವೆ, ಮನಿಗೆ ಎ, ಬಿ, ಸಿ ಅಂತ ಕೆಟಗರಿ, ಪೂರ್ತಿ ಬಿದ್ದ ಎ ಮನಿಗೆ ಐದು ಲಕ್ಷ, ಸಿ ಮನಿಗೆ ಬಾಳ ಕಡಿಮಿ. ಒಂದ ಗ್ವಾಡಿ ಹಂಚಿಕೊಂಡ ಅಣ್ಣಗ ಎ ಬಂದು ತಮ್ಮಗ ಸಿ ಬಂದ್ರ ಆ ಮನ್ಯಾಗ ಏನಾಗ್ತೈತಿ ನೀವ ಊಹಾ ಮಾಡ್ರಿ. ಈಗ ಇದನ್ನ ಡ್ರ್ಯಾಗನ್ ಸುಟ್ಟ ಊರಿಗೆ ತಗೊಂಡು ಹೋಗ್ರಿ. ಹೊಸಾ ರಾಣಿ ಕಡಿಂದ ಒಬ್ಬ ಕಾರಕೂನ ಬಂದಾನ, ಕೈಯಾಗ ಪಟ್ಟಿ, ಇದು ಡ್ರ್ಯಾಗನ್ ಉಸರಿಗೆ ಸುಟ್ಟದ್ದೋ ಒಲಿ ಕಿಡಿಗೆ ಸುಟ್ಟದ್ದೋ ಅಂತ ಕೇಳ್ತಾನ, ಒಲಿ ಬೆಂಕಿಗೆ ಪರಿಹಾರ ಇಲ್ಲರಿ ಅಂತಾನ, ಮುದುಕಿ ಅವನ್ನ ಒಳಗ ಕರಕೊಂಡು ಹೋಗಿ ಒಲಿ ಇದ್ದ ಜಾಗಾ ತೋರಸ್ತಾಳ, ತಮ್ಮಾ ಒಲಿ ಎಲ್ಲೈತಿ ತೋರಸಪಾ ನೀನ ಅಂತ. ಪಂಚನಾಮಿಗೆ ಪಂಚರು ಬೇಕು, ಊರಾಗ ಉಳದವರ ನಾಕು ಮಂದಿ. ನಗಾಕೂ ಬರತೈತಿ ಹೊಟ್ಟಿ ಉರೀತೈತಿ. ಇಂಥ ಸೀನ್ ಒಂದು ಬರೀರಿ, ಗುಡ್ಡದ ಮ್ಯಾಲಿನ ಸೂರ್ಯಾಸ್ತ ತಾನ ಉದುರಿ ಹೋಗ್ತೈತಿ.

ಗೆದ್ದವರ ಜಗಳ

ಇದನ್ನ ಜಲ್ದಿ ಹೇಳಿ ಮುಗಸ್ತೀನಿ ಯಾಕಂದ್ರ ಎಲ್ಲಾರಿಗೂ ಅರ್ಧ ಗೊತ್ತಿರೋದು. ಒಬ್ಬ ವೈರಿ ಇದ್ದಾಗ ಕೂಡಿದವರು ಆ ವೈರಿ ಹೋದ ಮ್ಯಾಲೆ ಕೂಡಿರೂದಿಲ್ಲ. 1565ರ ಜನವರಿದಾಗ ರಕ್ಕಸಗಿ ತಂಗಡಗಿ ಕಡಿ ವಿಜಯನಗರದ ಮ್ಯಾಲೆ ಕೂಡಿ ಬಂದ ಸುಲ್ತಾನರು ಅದಕ್ಕೂ ಮುಂಚೆ ಬೀಗತನ ಮಾಡಿದ್ರು, ಅಹಮದನಗರದ ಚಾಂದಬೀಬಿ ವಿಜಯಪುರದ ಅಲಿ ಆದಿಲಶಾಹಗ ಲಗ್ನ ಆಗಿ ಬಂದ್ಲು, ಸೊಲ್ಲಾಪುರ ಕ್ವಾಟಿ ವರದಕ್ಷಿಣಿ. ಯುದ್ಧ ಗೆದ್ರು, ಕೆಲವ ವರ್ಷದಾಗ ಮತ್ತ ಒಬ್ಬರಿಗೊಬ್ಬರು ಕತ್ತಿ ಹಿರದ್ರು. ಸೋತ ಕಡಿಯವರೂ ಮಾಯಾ ಆಗಲಿಲ್ಲ, ತಿರುಮಲರಾಯ ಪೆನುಗೊಂಡಕ್ಕ ಹೋಗಿ ಅಲ್ಲಿಂದ ರಾಜ್ಯ ನಡಸಿದ. ಆ ಯುದ್ಧದಾಗ ಒಳ್ಳೆಯವರು ಯಾರು ಕೆಟ್ಟವರು ಯಾರು ಅಂತ ನನಗ ಕೇಳಬ್ಯಾಡ್ರಿ, ಹೊಳಿ ಈ ದಂಡಿ ಒಂದು ಹೇಳ್ತೈತಿ ಆ ದಂಡಿ ಒಂದು ಹೇಳ್ತೈತಿ. ನಿಮಗ ಬೇಕಾದದ್ದು ಆ ಬೀಗತನ. ಮೈತ್ರಿಗೋಸ್ಕರ ಮದವಿ ಆಗಿ ಬಂದ ಹುಡುಗಿ, ಮೈತ್ರಿ ಮುರದ ಮ್ಯಾಲೆ ಯಾವ ಮನಿಯವಳು? ಅವಳನ್ನ ಪಾತ್ರ ಮಾಡ್ರಿ.

ಮಹಾಭಾರತದಾಗ ಯುದ್ಧ 18 ದಿನ, ನಂತರ 36 ವರ್ಷ

ನಮ್ಮ ಮನ್ಯಾಗ ಇದ್ದದ್ದನ್ನ ಬಿಟ್ಟು ಹೊರಗ ಹುಡಕೋದು ಬ್ಯಾಡ. ಕುರುಕ್ಷೇತ್ರ ಮುಗದ ಮ್ಯಾಲೆ ಮಹಾಭಾರತ ಇನ್ನೂ ಎಷ್ಟೋ ಪರ್ವ ನಡೀತೈತಿ, ಗಾಂಧಾರಿ ಶಾಪ ಕೊಡ್ತಾಳ, ಅದು ಫಲಿಸಿ ಯಾದವರು ಬಡದಾಡಿ ಸಾಯೋದು 36 ವರ್ಷ ಆದ ಮ್ಯಾಲೆ. ಈ ನಡುವಿನ ಕಾಲದಾಗ ಏನೇನ್ ಐತಿ ಅನ್ನೋದನ್ನ ಕಥಿಗಾರನ ಕಣ್ಣಿಲೆ ನೋಡ್ರಿ. ಧೃತರಾಷ್ಟ್ರ ಭೀಮನ್ನ ಅಪ್ಪಕೋತೀನಿ ಬಾ ಅಂತಾನ, ಕೃಷ್ಣ ಕಬ್ಬಿಣದ ಮೂರ್ತಿ ಮುಂದ ಮಾಡ್ತಾನ, ಮುದಕ ಅದನ್ನ ನುಚ್ಚುನೂರು ಮಾಡ್ತಾನ, ಆಮೇಲೆ ಅದ ಮುದಕನ್ನ ಪಾಂಡವರು 15 ವರ್ಷ ಮನ್ಯಾಗ ಇಟಗೋತಾರ. ಧರ್ಮರಾಯ ಮರ್ಯಾದಿ ಕೊಡ್ತಾನ, ಭೀಮ ಮಾತ್ರ ಮುದಕಗ ಕೇಳೋ ಹಂಗ ತೋಳು ತಟ್ಟಿ, ನಿನ್ನ ಮಕ್ಕಳನ್ನ ಕೊಂದ ತೋಳು ಇವ ಅಂತ ಚುಚ್ಚತಾನ. ಒಂದ ಮನ್ಯಾಗ, ಇಂಥವನ ಜೋಡಿ 15 ವರ್ಷ. ಯಾವ ರಣರಂಗದ ಸೀನೂ ಇಷ್ಟು ಚುಚ್ಚೂದಿಲ್ಲ.

ಖಜಾನಿ ನೋಡ್ರಿ, ಯುದ್ಧ ಗೆದ್ದ ಧರ್ಮರಾಯನ ಹತ್ರ ಅಶ್ವಮೇಧಕ್ಕ ರೊಕ್ಕ ಇಲ್ಲ, ವ್ಯಾಸರು ಹಿಮಾಲಯದಾಗ ಮರುತ್ತ ರಾಜ ಬಿಟ್ಟು ಹೋದ ಬಂಗಾರ ಐತಿ ತಗೊಂಬರ್ರಿ ಅಂತ ಹೇಳಬೇಕಾಗ್ತೈತಿ. ಎದುರಿನ ಕಡಿ ಬಡದಾಡಿದ ಕೃಪಾಚಾರ್ಯ ಆಮೇಲೆ ಪಾಂಡವರ ಮೊಮ್ಮಗ ಪರೀಕ್ಷಿತಗ ಗುರು. ಕೌರವರ ತಮ್ಮ ಯುಯುತ್ಸು ಪಾಂಡವರ ಕಡಿ ಬಂದಿದ್ದ, ಉಳದ, ಪಾಂಡವರು ಎಲ್ಲಾ ಬಿಟ್ಟು ಹೊಂಟಾಗ ರಾಜ್ಯ ನೋಡಕೊಳ್ಳೋ ಜವಾಬ್ದಾರಿ ಅವಗ ಬಂತು. ಸೋತ ಕಡಿಯವರಿಗೆ ಕೆಲಸ ಕೊಡಲೇಬೇಕಾಗ್ತೈತಿ, ಯಾಕಂದ್ರ ಕಲಿಸಾಕ, ಆಳಾಕ ಬರೋರು ಬ್ಯಾರೆ ಯಾರೂ ಉಳದಿರೂದಿಲ್ಲ. ನಿಮ್ಮ ಕರಿದೊರಿ ಲೆಕ್ಕದ ಮನಷ್ಯಾನ್ನ ಹೊಸಾ ರಾಣಿ ಮತ್ತ ಕರದು ಕೂಡಸ್ಕೊಳ್ಳೋ ಸೀನ್ ಬರೀರಿ, ಅವನ ಬಾಜೂಕ ಕುಂತವನ ತಮ್ಮನ್ನ ಅದ ಲೆಕ್ಕದ ಮನಷ್ಯಾ ಒಂದು ಪಟ್ಟಿಯಾಗ ಹೆಸರು ಬರದು ಗಲ್ಲಿಗೆ ಕಳಿಸಿರತಾನ. ಇಬ್ಬರೂ ಒಂದ ದೌತಿಯಾಗ ಲೆಕ್ಕಣಿಕಿ ಅದ್ದಬೇಕು.

ವಿಲನ್ ಕಡಿ ದುಃಖ ಹೆಂಗ ಬರಿಯೋದು ಅಂದ್ರ ಮುಧೋಳದ ರನ್ನನ ಗದಾಯುದ್ಧ ತಗೋರಿ, ಸಾವಿರ ವರ್ಷದ ಹಿಂದಿನದು. ದುರ್ಯೋಧನ ಸಂಜಯನ ಜೋಡಿ ಹೆಣದ ನಡುವ ನಡಕೋತ ಹೊಂಟಾನ, ದ್ರೋಣ, ದುಶ್ಶಾಸನ, ಕರ್ಣ, ತನ್ನ ಮಗಾ, ಒಬ್ಬೊಬ್ಬರನ್ನ ಕಂಡು ನಿಂತು ಮಾತಾಡ್ತಾನ. ಕವಿ ಬರದದ್ದು ಭೀಮನ ವಿಜಯ, ತನ್ನ ದೊರಿಗೆ ಭೀಮನ ಹೋಲಿಕಿ ಕೊಟ್ಟು, ಆದ್ರ ಓದಿದವ್ರಿಗೆ ನೆನಪ ಉಳಿಯೋದು ದುರ್ಯೋಧನ. ಇದರಾಗ ತಂತ್ರ ಏನಂದ್ರ, ಅವನ ತಪ್ಪನ್ನ ಎಲ್ಲೂ ತೊಳದಿಲ್ಲ, ನಡಿಗಿ ಅಷ್ಟ ನಿಧಾನ ಮಾಡ್ಯಾನ. ನಿಮ್ಮ ಕರಿದೊರಿಗೆ ಒಬ್ಬ ತಂಗಿ ಇರಲಿ, ಅಕಿ ರಣದಾಗ ನಡೀಲಿ.

ಹೀರೋ ಮೈ

ಗಾಯ ಮಾಯಬಾರದು. ಟೋಲ್ಕಿನ್ ಬರದ ಲಾರ್ಡ್ ಆಫ್ ದಿ ರಿಂಗ್ಸ್ ಕಾದಂಬರಿಯಾಗ ಹೀರೋ ಫ್ರೋಡೋಗ ಅಕ್ಟೋಬರ್ 6ಕ್ಕ ಕತ್ತಿ ತಾಗಿದ್ದು, ಎಲ್ಲಾ ಗೆದ್ದು ಬಂದ ಮ್ಯಾಲೂ ಆ ತಾರೀಖು ಬಂದ್ರ ಜಡ್ಡ ಬೀಳ್ತಾನ, ಮತ್ತ ಊರಿಗೆ ಬಂದು ನೋಡಿದ್ರ ದುಷ್ಟ ಮಾಂತ್ರಿಕ ಸರುಮಾನನ ಮಂದಿ ಅವನ ಊರನ್ನ ಕೆಡಿಸಿ ಇಟ್ಟಿರತಾರ. ತಾರೀಖು ಕೊಟ್ಟದ್ದು ಚೊಲೋ ಕೆಲಸ. ನೀವೂ ಹಂಗ ಮಾಡ್ರಿ, ಆದ್ರ ತಾರೀಖಿನ ಬದ್ಲಿ ಅಮಾಸಿ, ಕಾರಹುಣ್ಣಿವಿ, ಜಾತ್ರಿ ಇಟಗೋರಿ. ಕಾರಹುಣ್ಣಿವಿಗೆ ಎತ್ತು ಓಡಿಸಿ ಕರಿ ಹರಿಯೋ ಹೊತ್ತಿಗೆ ಎಲ್ಲಾರೂ ಕೂಗಿ ಕೇಕಿ ಹಾಕ್ತಾರ, ಹೀರೋ ಒಬ್ಬ ದನದ ಕೊಟಗಿಯಾಗ ಬಾಗಿಲಾ ಹಾಕ್ಕೊಂಡಿರತಾನ, ಯಾಕಂದ್ರ ಆ ಕೂಗು ಅವಗ ಬ್ಯಾರೆ ಏನೋ ಕೇಳಸ್ತೈತಿ. ಹೆಂಡ್ತಿ ಮಂದಿಗೆ ಅವರಿಗೆ ಪಿತ್ತ ಆಗೈತ್ರಿ ಅಂತ ಹೇಳ್ತಾಳ. ಇಷ್ಟ ಸಾಕು, ವಿವರಿಸಬ್ಯಾಡ್ರಿ.

ಮತ್ತ ಹೀರೋನ್ನ ರಾಜ ಮಾಡೋದು ಬಿಡ್ರಿ. ಕುರಿ ಕಾಯೋ ಹುಡುಗಗ ಕತ್ತಿ ಬೀಸಾಕ ಬರತೈತಿ ಅಂದ್ರ ತೂಬಿನ ಪಾಳಿ ಹಂಚಾಕ ಬರತೈತಿ ಅಂತ ಅಲ್ಲ. ಮಾಡಲೇಬೇಕಂದ್ರ ಮಾಡ್ರಿ, ಆದ್ರ ಮೊದಲನೇ ನ್ಯಾಯ ಅವ ತಪ್ಪ ಮಾಡಲಿ.

ಹಾಡು ಎರಡು ಬರೀರಿ

ಹಲಗಲಿ ಸುಟ್ಟದ್ದು ಲಾವಣಿ ಆಗಿ ಉಳೀತು. ಆ ಲಾವಣಿ ಅಚ್ಚಿಗೆ ಬಂದದ್ದು ಹೆಂಗ ಅಂದ್ರ 1880ರ ದಶಕದಾಗ ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ ಕೂಡಿಸಿ ಪ್ರಕಟ ಮಾಡಿದ, ಅಂದ್ರ ಸುಟ್ಟ ಸರಕಾರದ ಪಗಾರ ತಗೊಳ್ಳೋ ಮನಷ್ಯಾ ಸುಟ್ಟ ಊರಿನವರ ಹಾಡು ಬರಕೊಂಡ. ಇಂಥ ಪಾತ್ರ ನಿಮ್ಮ ಕಥಿಯೊಳಗ ಇಲ್ಲಂದ್ರ ಇವತ್ತ ಸೇರಸ್ರಿ. ಗೆದ್ದ ಕಡಿ ಒಬ್ಬ ಕಾಗದದ ಮನಷ್ಯಾ, ಕರಿದೊರಿ ಕಡಿಯವರ ಹಾಡು ಹುಡಕೋತ ಹಳ್ಳಿ ಹಳ್ಳಿ ತಿರಗತಾನ, ಮಂದಿ ಹಾಡಾಕ ಅಂಜತಾರ, ಇವ ಹಿಡಕೊಂಡು ಹೋಗ್ತಾನೋ ಬಹುಮಾನ ಕೊಡ್ತಾನೋ ಗೊತ್ತಿಲ್ಲ.

ನಮ್ಮ ಕಡಿ ಹರದೇಶಿ ನಾಗೇಶಿ ಮೇಳ ಕೇಳಿದವರಿಗೆ ಗೊತ್ತು, ಒಂದು ಮೇಳ ಗಂಡ ಹೆಚ್ಚು ಅಂತ ಹಾಡಿದ್ರ ಇನ್ನೊಂದು ಹೆಣ್ಣ ಹೆಚ್ಚು ಅಂತ ಹಾಡಿ ರಾತ್ರಿಯೆಲ್ಲಾ ಸವಾಲ್ ಜವಾಬ್ ನಡೀತೈತಿ. ಇದನ್ನ ತಂತ್ರ ಮಾಡಕೋರಿ. ನಿಮ್ಮ ಕಡೀ ಯುದ್ಧದ ಮ್ಯಾಲೆ ಎರಡು ಹಾಡು ಬರೀರಿ, ಒಂದು ಗೆದ್ದ ಊರಿಂದು ಒಂದು ಸೋತ ಊರಿಂದು, ಹತ್ತು ವರ್ಷ ಆದ ಮ್ಯಾಲಿನ ಜಾತ್ರಿಯೊಳಗ ಎದುರಾ ಬದುರಾ ಹಾಡಸ್ರಿ. ಎರಡರಾಗೂ ಒಂದೊಂದು ಸುಳ್ಳು ಇರಲಿ, ಓದೋರು ನಾನೂರು ಪುಟ ಓದ್ಯಾರ, ಅವರಿಗೆ ಸುಳ್ಳು ಯಾವುದು ಅಂತ ಗೊತ್ತಾಗ್ತೈತಿ, ಹಾಡೋರಿಗೆ ಗೊತ್ತಿರೂದಿಲ್ಲ. ಈ ಮಜಾ ಬ್ಯಾರೆ ಎಲ್ಲೂ ಸಿಗೂದಿಲ್ಲ.

ಕರಿದೊರಿ ಮತ್ತ ಎದ್ದು ಬರಬೇಕೋ ಬ್ಯಾಡೋ

ಬ್ಯಾಡ. ಎರಡನೇ ಭಾಗ ಬರಿಯೋರಿಗೆ ಈ ಆಸೆ ಬಾಳ. ಎಬ್ಬಿಸಿದ್ರ ಮೊದಲನೇ ಪುಸ್ತಕದಾಗ ಸತ್ತವರೆಲ್ಲಾ ಸುಮ್ಮಸುಮ್ಮನ ಸತ್ತಂಗ ಆಗ್ತೈತಿ. ಉಳದದ್ದು ಬೇಕಂದ್ರ ಬಾದಾಮಿ ಕಥಿ ನೆನಪ ಮಾಡಕೋರಿ, ಅಗಸ್ತ್ಯರು ವಾತಾಪಿನ್ನ ತಿಂದು ಜೀರ್ಣ ಮಾಡಿದ್ರು, ಅದು ಎಲ್ಲಾರಿಗೂ ಗೊತ್ತು. ಅಣ್ಣ ಇಲ್ವಲ ಏನಾದ? ರಾಮಾಯಣದಾಗ ಸಿಟ್ಟಿಲೆ ಮೈಮ್ಯಾಲೆ ಬಂದು ಋಷಿ ಕಣ್ಣಿಗೆ ಸುಟ್ಟು ಬೂದಿ ಆಗ್ತಾನ. ಮಹಾಭಾರತದ ಕಥಿಯೊಳಗ ಅಂಜಿ ನಡಗಿ, ಕೈ ಮುಗದು, ಏನ್ ಬೇಕ್ರಿ ಅಂತ ಕೇಳಿ ಋಷಿಗೆ ಕೇಳಿದಷ್ಟು ಸಂಪತ್ತು ಕೊಡ್ತಾನ. ನನಗ ಎರಡನೇದು ಹೆಚ್ಚು ಹೆದರಿಕಿ ಹುಟ್ಟಸ್ತೈತಿ. ಎಷ್ಟೋ ಬ್ರಾಹ್ಮಣರನ್ನ ಕೊಂದ ಮನಷ್ಯಾ, ಶ್ರೀಮಂತ, ರೊಕ್ಕಾ ಕೊಟ್ಟು ಗೆದ್ದವರ ಜೋಡಿ ಚೊಲೋ ಆದ. ನಿಮ್ಮ ಕಥಿಗೆ ಅಂಥ ಇಲ್ವಲ ಒಬ್ಬ ಬೇಕು, ಕರಿದೊರಿಗೆ ಕುದರಿ ಸಪ್ಲೈ ಮಾಡ್ತಿದ್ದವ, ಈಗ ಹೊಸಾ ಗುಡಿಗೆ ಕಳಸಾ ಮಾಡಿಸಿ ಕೊಟ್ಟಾನ, ಕಲ್ಲಿನ ಮ್ಯಾಲೆ ಹೆಸರು ಕೆತ್ತಿಸ್ಯಾನ. ಅವನ್ನ ಶಿಕ್ಷಿಸಬ್ಯಾಡ್ರಿ. ಮದವಿ ಮನ್ಯಾಗ ಮುಂದಿನ ಸಾಲಿಗೆ ಕೂಡಸ್ರಿ.

ಎಷ್ಟು ಪುಟ, ಎಲ್ಲಿ ನಿಲ್ಲಸೋದು

ಕರಿದೊರಿ ಸಾವನ್ನ ಪುಸ್ತಕದ ಮುಕ್ಕಾಲಿಗೆ ತಗೊಂಬರ್ರಿ, ಉಳದ ಕಾಲು ಭಾಗ ಇದಕ್ಕಿರಲಿ. ನೂರು ಪುಟ ಯಾರು ಓದ್ತಾರ ಅಂತ ಅಂಜಬ್ಯಾಡ್ರಿ, ಮ್ಯಾಲೆ ಹೇಳಿದ ಎಲ್ಲಾದನ್ನೂ ತುಂಬಸಬ್ಯಾಡ್ರಿ, ನೀವು ಗೆರಿ ಎಳದ ಕಡಿಂದ ಎರಡೋ ಮೂರೋ ಕೆಲಸ ಆರಿಸ್ರಿ. ಕಾಲ ಜಿಗಸ್ರಿ, ಮರುದಿನ ಒಂದು ಚಾಪ್ಟರ್, ಮೊದಲನೇ ಸುಗ್ಗಿ ಒಂದು, ಆಮೇಲೆ ಒಮ್ಮೆಲೇ ಹನ್ನೆರಡು ವರ್ಷ, ಯುದ್ಧ ನೋಡದ ಹುಡುಗ್ರು ದೊಡ್ಡವರಾಗಿ ಕರಿದೊರಿ ಆಟ ಆಡೋ ಕಾಲ.

ಕಡೀಗೆ ಮ್ಯಾಪ್. ಪುಸ್ತಕದ ಮೊದಲಿಗೆ ಮ್ಯಾಪ್ ಹಾಕಿರತೀರಿ, ಹಿಂದ ಇನ್ನೊಂದು ಹಾಕ್ರಿ. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟಿ ಹಳೇ ಊರಿನ ಭಾಗ ಮುಳಗಡಿ ಆದ ಮ್ಯಾಲೆ ನವನಗರ ಕಟ್ಟಿದ್ರು, ಸೆಕ್ಟರ್ ನಂಬರ್ ಹಾಕಿ, ಸಾಲಾಗಿ. ಮಂದಿ ಬಾಗಿಲಾ ಚೌಕಟ್ಟು, ತೊಲಿ ಎಲ್ಲಾ ಕಿತ್ತಕೊಂಡು ಬಂದ್ರು. ಓಣಿ ಕಿತ್ತಕೊಂಡು ಬರಾಕ ಆಗಲಿಲ್ಲ, ಬಾಜೂಕ ಇದ್ದವರು ಯಾವ ಸೆಕ್ಟರಿಗೋ ಹೋದ್ರು. ನಿಮ್ಮ ಎರಡನೇ ಮ್ಯಾಪಿನಾಗ ಹೊಸಾ ರಾಣಿ ಇಟ್ಟ ಹೆಸರು ದಪ್ಪ ಅಕ್ಷರದಾಗ ಇರಲಿ, ಮಂದಿ ಕರಿಯೋ ಹೆಸರು ಸಣ್ಣ ಅಕ್ಷರದಾಗ ಇರಲಿ, ಒಂದೆರಡು ಊರಿಗೆ ಹೆಸರ ಹಾಕಬ್ಯಾಡ್ರಿ, ಚುಕ್ಕಿ ಅಷ್ಟ.

ಬರದು ಮುಗಿದ ಮ್ಯಾಲೆ ಫ್ಯಾಂಟಸಿ ಓದೋ ಗೆಳೆಯರಿಗೆ ಕೊಡಬ್ಯಾಡ್ರಿ, ಅವರು ಮ್ಯಾಜಿಕ್ ಬಗ್ಗೆ ಅಷ್ಟ ಕೇಳ್ತಾರ. ಮನ್ಯಾಗ ಉತಾರ, ಖಾತೆ, ಸೊಸೈಟಿ ಸಾಲ ಎಲ್ಲಾ ನೋಡಕೊಳ್ಳೋ ಕಾಕಾನೋ ಅತ್ತಿನೋ ಇರತಾರಲ್ಲ, ಅವರಿಗೆ ಓದಿ ಹೇಳ್ರಿ. ನಡುವ ನಿಲ್ಲಿಸಿ, ಅಲ್ಲಪಾ ಆ ಸತ್ತವನ ಹೊಲ ಯಾರ ಹೆಸರಿಗೆ ಆತು, ಅವನ ಹೆಂಡ್ತಿ ಹೆಸರು ಹಚ್ಚಿದ್ರೋ ಇಲ್ಲೋ ಅಂತ ಕೇಳಿದ್ರಂದ್ರ ಆ ಪುಟಕ್ಕ ಪೆನ್ಸಿಲ್ ಗುರ್ತು ಹಾಕ್ರಿ, ಮುಂದಿನ ಡ್ರಾಫ್ಟ್ ಅಲ್ಲಿಂದ ಸುರು ಮಾಡ್ರಿ.